ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಬದಲಾವಣೆ ಮತ್ತು ದತ್ತಾಂಶ ವರ್ಗಾವಣೆ

ಲ್ಯಾಪ್‌ಟಾಪಿನೊಳಗಿನ ಹಳೆಯ ಹಾರ್ಡ್ ಡಿಸ್ಕ್ ತೆಗೆದು, ಹೆಚ್ಚು ಜಾಗದ ಅಥವಾ ಹೆಚ್ಚು ವೇಗದ ಡಿಸ್ಕ್ ಕೂರಿಸಿ, ಹಳೆಯದರಲ್ಲಿದ್ದದ್ದನ್ನು ಹೊಸದಕ್ಕೆ ಸಾಗಿಸುವ ಕೆಲಸ. ರಾಯಚೂರು, ಮಾನ್ವಿ, ದೇವದುರ್ಗದ ಕಡೆ ಇವತ್ತು ‘ಎಸ್‌ಎಸ್‌ಡಿ ಹಾಕಿಸೋದು’ ಎಂದರೆ ಸಾಕು, ಅರ್ಥವಾಗುತ್ತದೆ. ಇದಕ್ಕೆ ದಾರಿ ಎರಡು. ಹಳೆಯ ಡಿಸ್ಕನ್ನು ಇದ್ದದ್ದು ಇದ್ದ ಹಾಗೆ ನಕಲು ಮಾಡುವುದು, ಅಂದರೆ ಕ್ಲೋನ್. ಇಲ್ಲವೇ ಹೊಸ ಡಿಸ್ಕಿಗೆ ವಿಂಡೋಸ್ ಹೊಸದಾಗಿ ಹಾಕಿ ಬೇಕಾದ ಕಡತಗಳನ್ನಷ್ಟೇ ಎತ್ತಿ ತರುವುದು. ಇಂಗ್ಲಿಷಿನಲ್ಲಷ್ಟೇ ಬರೆಯುವವರಿಗೆ ಯಾವ ದಾರಿ ಹಿಡಿದರೂ ಕಡತ ಓದಲು ಬರುತ್ತದೆ. ಕನ್ನಡದಲ್ಲಿ ಟೈಪ್ ಮಾಡಿಟ್ಟವರ ಕತೆ ಬೇರೆ.

ಆರಂಭ

ಮೊದಲ ಹಾರ್ಡ್ ಡಿಸ್ಕ್ ಐಬಿಎಂ ಕಂಪನಿಯ ರಾಮ್ಯಾಕ್ ಯಂತ್ರದ್ದು, 1956ರ ಸೆಪ್ಟೆಂಬರ್‌ನಲ್ಲಿ ಹೊರಬಂತು. 24 ಇಂಚು ಅಗಲದ 50 ತಟ್ಟೆಗಳು, ಸುಮಾರು ಒಂದು ಟನ್ ತೂಕ. ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಅದೇ ವರ್ಷ ನವೆಂಬರ್ 1ರಂದು ರಾಯಚೂರು ಜಿಲ್ಲೆ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಆ ಯಂತ್ರಕ್ಕೂ ಇಲ್ಲಿನ ಕಚೇರಿಗಳ ಗಂಟುಗಟ್ಟಿದ ಉರ್ದು ದಫ್ತರಗಳಿಗೂ ಆಗ ಯಾವ ನಂಟೂ ಇರಲಿಲ್ಲ.

ಡಿಸ್ಕ್ ಕುಗ್ಗಿದ್ದು ಬೇಗ. 1980ರಲ್ಲಿ ಸೀಗೇಟ್ 5 ಎಂಬಿಯ 5.25 ಇಂಚಿನ ಡಿಸ್ಕ್ ತಂದಿತು. 1983ರಲ್ಲಿ ರೋಡೈಮ್ 3.5 ಇಂಚಿಗೆ ಇಳಿಸಿತು. 1988ರಲ್ಲಿ ಪ್ರೈರಿಟೆಕ್ 2.5 ಇಂಚಿನದನ್ನು ಮಾಡಿತು. ಲ್ಯಾಪ್‌ಟಾಪ್‌ಗಳಿಗೆ ಗಟ್ಟಿಯಾಗಿ ನಿಂತ ಅಳತೆ ಈ ಕೊನೆಯದೇ. ಅದಕ್ಕೂ ಮೊದಲು, 1986ರಲ್ಲಿ, ತೋಷಿಬಾದ ಟಿ3100 ತನ್ನೊಳಗೇ 10 ಎಂಬಿ ಡಿಸ್ಕ್ ಹೊತ್ತು ಬಂದಿತ್ತು. ಅಳತೆಯ ಜೊತೆಗೆ ಜೋಡಣೆಯೂ ಏಕರೂಪವಾಗದಿದ್ದರೆ ಒಂದು ಕಂಪನಿಯ ಲ್ಯಾಪ್‌ಟಾಪಿಗೆ ಇನ್ನೊಂದು ಕಂಪನಿಯ ಡಿಸ್ಕ್ ಕೂರುತ್ತಲೇ ಇರಲಿಲ್ಲ. ಐಡಿಇ ಎಂಬ ಜೋಡಣೆ ಆ ಕೆಲಸ ಮಾಡಿತು. 2003ರ ನಂತರ ಸಾಟಾ ಅದನ್ನು ಬದಿಗೆ ಸರಿಸಿತು. ಐಡಿಇ ಡಿಸ್ಕಿನ 44 ಕೂದಲೆಳೆ ಪಿನ್ನುಗಳಲ್ಲಿ ಒಂದು ಬಾಗಿದರೂ ಕೆಲಸ ಕೆಡುತ್ತಿತ್ತು. ಹಳೆಯ ರಿಪೇರಿಯವರು ಸಾಟಾ ಬಂದದ್ದಕ್ಕೆ ಇವತ್ತಿಗೂ ಸಂತೋಷಪಡುವುದು ಅದರ ವೇಗಕ್ಕಲ್ಲ, ಬಾಗದ ಆ ಚಪ್ಪಟೆ ಮೂತಿಗೆ.

ನಕಲು ಮಾಡುವ ಕಲೆ

ಡಿಸ್ಕಿನಿಂದ ಡಿಸ್ಕಿಗೆ ಬಿಟ್ಟು ಬಿಡದೆ ನಕಲಿಸುವ ಡಿಡಿ ಎಂಬ ಆಜ್ಞೆ ಯುನಿಕ್ಸ್‌ನಲ್ಲಿ 1970ರ ದಶಕದಿಂದಲೇ ಇತ್ತು. ಸಾಮಾನ್ಯ ಪಿಸಿಗಳ ಲೋಕಕ್ಕೆ ಆ ಬಗೆಯ ನಕಲನ್ನು ತಂದದ್ದು ನ್ಯೂಜಿಲೆಂಡಿನ ಮರ್ರೆ ಹ್ಯಾಸರ್ಡ್ ಬರೆದ ಘೋಸ್ಟ್ ತಂತ್ರಾಂಶ. 1998ರಲ್ಲಿ ಸಿಮ್ಯಾಂಟೆಕ್ ಅದನ್ನು ಕೊಂಡು ನಾರ್ಟನ್ ಘೋಸ್ಟ್ ಎಂದು ಮಾರಿತು. ನಮ್ಮ ಊರುಗಳಿಗೆ ಅದು ಬಂದದ್ದು ಹೆಚ್ಚಾಗಿ ಪೆಟ್ಟಿಗೆಯಲ್ಲಲ್ಲ, ‘ಹೈರೆನ್ಸ್ ಬೂಟ್ ಸಿಡಿ’ಯಂಥ ಕೈಯಿಂದ ಕೈಗೆ ದಾಟಿದ ತಟ್ಟೆಗಳಲ್ಲಿ. 2007ರಲ್ಲಿ ತೈವಾನಿನಿಂದ ಬಂದ ಮುಕ್ತ ತಂತ್ರಾಂಶ ಕ್ಲೋನ್‌ಜಿಲ್ಲಾ ಈ ಕಳ್ಳದಾರಿಯ ಅಗತ್ಯವನ್ನೇ ಇಲ್ಲವಾಗಿಸಿತು.

ಸಮಯದ ಲೆಕ್ಕ ನೋಡಿದರೆ ಈ ಕೆಲಸ ಎಷ್ಟು ಹಗುರವಾಯಿತೆಂದು ತಿಳಿಯುತ್ತದೆ. ಸೆಕೆಂಡಿಗೆ ಒಂದು ಎಂಬಿಯಷ್ಟು ಸಾಗಿಸುವ ಹಳೆಯ ಯುಎಸ್‌ಬಿ 1.1ರಲ್ಲಿ 100 ಜಿಬಿ ಸಾಗಿಸಲು ಒಂದು ದಿನ ದಾಟುತ್ತಿತ್ತು. 2000ದಲ್ಲಿ ಬಂದ ಯುಎಸ್‌ಬಿ 2ರಲ್ಲಿ ಅದು ಹೆಚ್ಚುಕಡಿಮೆ ಒಂದು ಗಂಟೆಗೆ ಇಳಿಯಿತು. ಯುಎಸ್‌ಬಿ 3ರಲ್ಲಿ ಒಂದು ಚಹಾ ಕುಡಿದು ಬರುವಷ್ಟು ಹೊತ್ತು, ಅದೂ ಹಳೆಯ ಡಿಸ್ಕ್ ಆರೋಗ್ಯವಾಗಿದ್ದರೆ.

ಕಾಗದದಿಂದ ಡಿಸ್ಕಿಗೆ: ತಾಲೂಕು ಕಚೇರಿ

ಈ ಸೀಮೆ ಕಂಡ ಮೊದಲ ದೊಡ್ಡ ದತ್ತಾಂಶ ವರ್ಗಾವಣೆ ಲ್ಯಾಪ್‌ಟಾಪಿನದಲ್ಲ, ಪಹಣಿಯದು. ಭೂದಾಖಲೆ ಗಣಕೀಕರಣದ ರಾಜ್ಯದ ಮೊದಲ ಪ್ರಯೋಗ 1991ರಲ್ಲಿ ನೆರೆಯ ಗುಲಬರ್ಗಾ ಜಿಲ್ಲೆಯಲ್ಲಿ ಶುರುವಾಯಿತು. ಅದು ನಿಜವಾಗಿ ರೈತರ ಕೈಗೆ ಬಂದದ್ದು ದಶಕದ ನಂತರ, ‘ಭೂಮಿ’ ಯೋಜನೆಯಲ್ಲಿ. ಸುಮಾರು 9,000 ಗ್ರಾಮಲೆಕ್ಕಿಗರ ವಶದಲ್ಲಿದ್ದ, 67 ಲಕ್ಷ ರೈತರಿಗೆ ಸೇರಿದ ಎರಡು ಕೋಟಿಯಷ್ಟು ದಾಖಲೆಗಳನ್ನು 177 ತಾಲೂಕುಗಳ ಕಂಪ್ಯೂಟರುಗಳಿಗೆ ಕೀಲಿಸಲಾಯಿತು. 15 ರೂಪಾಯಿಗೆ ಮುದ್ರಿತ ಪಹಣಿ ಕೊಡತೊಡಗಿ, ಕೈಬರಹದ ಪಹಣಿಯ ಮಾನ್ಯತೆ ರದ್ದು ಮಾಡಲಾಯಿತು. ಮೊದಲಿಗೆ ದಾಖಲೆ ಇದ್ದದ್ದು ಆಯಾ ತಾಲೂಕು ಕಚೇರಿಯ ಸರ್ವರಿನಲ್ಲೇ. ದೇವದುರ್ಗದ ರೈತನ ಪಹಣಿ ದೇವದುರ್ಗದ ಡಿಸ್ಕಿನಲ್ಲಿ, ಮಾನ್ವಿಯವನದು ಮಾನ್ವಿಯ ಡಿಸ್ಕಿನಲ್ಲಿ. ಮುಂದೆ ಇವು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋದವು. ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡಿಡುವ ‘ಭೂ ಸುರಕ್ಷಾ’ ಶುರುವಾದದ್ದು 2024ರಲ್ಲಿ. ಕೀಲಿಸುವಾಗ ನುಸುಳಿದ ತಪ್ಪನ್ನು ತಾಳೆ ನೋಡಲು ಮೂಲ ಕಾಗದವೇ ಬೇಕು; ನಕಲು ಆಯಿತೆಂದು ಮೂಲವನ್ನು ಎಸೆಯಬಾರದೆಂಬ ನಿಯಮ ಡಿಸ್ಕಿಗೂ ಅಷ್ಟೇ ಸಲ್ಲುತ್ತದೆ.

ಕಡತ ಬಂತು, ಅಕ್ಷರ ಬರಲಿಲ್ಲ

ಸರ್ಕಾರಿ ದತ್ತಾಂಶದ ಹೊಣೆ ಸರ್ಕಾರದ್ದು. ಡಿಟಿಪಿ ಅಂಗಡಿ, ವಕೀಲರ ಗುಮಾಸ್ತರು, ಶಾಲಾ ಮಾಸ್ತರರು ತಮ್ಮ ದತ್ತಾಂಶವನ್ನು ತಾವೇ ಕಾಯಬೇಕಿತ್ತು. ಇವರೆಲ್ಲ ಬರೆದದ್ದು 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತು ರೂಪಿಸಿ ರಾಜ್ಯ ಸರ್ಕಾರ ಉಚಿತವಾಗಿ ಹಂಚಿದ ‘ನುಡಿ’, ಪುಣೆಯ ‘ಶ್ರೀಲಿಪಿ’ ಮುಂತಾದವುಗಳಲ್ಲಿ. ಈ ಹಳೆಯ ಫಾಂಟುಗಳ ಉಪಾಯ ಸರಳ: ಇಂಗ್ಲಿಷ್ ಅಕ್ಷರದ ಸಂಖ್ಯೆಯನ್ನೇ ಇಟ್ಟುಕೊಂಡು ಅದರ ಆಕಾರವನ್ನು ಮಾತ್ರ ಕನ್ನಡದ ತುಂಡಿಗೆ ಬದಲಿಸುವುದು. ಕಡತದೊಳಗೆ ಕನ್ನಡ ಇರುವುದೇ ಇಲ್ಲ. ಕನ್ನಡ ಇರುವುದು ಫಾಂಟಿನಲ್ಲಿ.

ಡಿಸ್ಕ್ ಬದಲಿಸಿದ ದಿನ ಇದು ಬಯಲಾಗುತ್ತದೆ. ನುಡಿಯಲ್ಲಿ ‘ಕನ್ನಡ’ ಎಂದು ಟೈಪಿಸಿದ ಪುಟವನ್ನು ಫಾಂಟಿಲ್ಲದ ಲ್ಯಾಪ್‌ಟಾಪಿನಲ್ಲಿ ತೆರೆದರೆ ಕಾಣುವುದು ಇಂಗ್ಲಿಷಿನ ದೊಡ್ಡ ಪಿ, ಬ್ರಿಟಿಷ್ ಪೌಂಡಿನ ಚಿಹ್ನೆ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ನಡುನಡುವೆ ತಲೆಯ ಮೇಲೆ ಓರೆಗೆರೆ ಹೊತ್ತ ಎ. ವೈರಸ್ ತಿಂದಿತೆಂದು ಎದೆ ಒಡೆದುಕೊಂಡವರು ಬಹಳ. ಕಡತಕ್ಕೆ ಏನೂ ಆಗಿರುವುದಿಲ್ಲ.

ಅಕ್ಷರ ಹೀಗೆ ಕಳೆದುಹೋಗುವುದಕ್ಕೆ ನಮ್ಮ ಕಡೆಯ ಒಂದು ಒಳ್ಳೆಯ ರೂಢಿಯೂ ಇಂಬು ಕೊಟ್ಟಿದೆ. ಒಂದೇ ಡಿಸ್ಕನ್ನು ಸಿ, ಡಿ, ಇ ಎಂದು ಪಾಲು ಮಾಡಿ, ವಿಂಡೋಸ್ ಸಿಯಲ್ಲಿಟ್ಟು, ಫೋಟೊ-ಕಡತ ಡಿಯಲ್ಲಿಡುವುದು ಇಲ್ಲಿನ ಪದ್ಧತಿ. ಫಾರ್ಮ್ಯಾಟ್ ಹೊಡೆದರೂ ಡಿ ಉಳಿಯುತ್ತದೆ, ಡಿಸ್ಕ್ ಬದಲಿಸುವಾಗಲೂ ಡಿಯನ್ನಷ್ಟೇ ಎತ್ತಿಕೊಂಡರಾಯಿತು ಎಂಬುದು ಲೆಕ್ಕ. ಆದರೆ ಡೆಸ್ಕ್‌ಟಾಪ್ ಮೇಲೆ ಇಟ್ಟದ್ದೆಲ್ಲ ಇರುವುದು ಸಿಯೊಳಗೆ. ಫಾಂಟುಗಳು ಇರುವುದೂ ಸಿಯಲ್ಲೇ, ವಿಂಡೋಸಿನ ಫಾಂಟ್ಸ್ ಫೋಲ್ಡರಿನಲ್ಲಿ. ಹೀಗಾಗಿ ಇಪ್ಪತ್ತು ವರ್ಷದ ಕರಪತ್ರ, ದಾವೆ, ಪ್ರಶ್ನೆಪತ್ರಿಕೆಗಳು ಡಿಯಲ್ಲಿ ಭದ್ರವಾಗಿ ಹೊಸ ಡಿಸ್ಕಿಗೆ ಬರುತ್ತವೆ. ಅವನ್ನು ಓದಿಸುವ ಅಕ್ಷರಗಳು ಹಿಂದೆ ಉಳಿಯುತ್ತವೆ. ಕ್ಲೋನ್ ಮಾಡಿದರೆ ಎರಡೂ ಒಟ್ಟಿಗೆ ಬರುತ್ತವೆ. ಮದುವೆ ಕಾರ್ಡಿನ ಅಂಗಡಿಯವರು ಕೋರೆಲ್ ಡ್ರಾದಲ್ಲಿ ಅಕ್ಷರಗಳನ್ನು ಕರ್ವ್ ಮಾಡಿಟ್ಟಿದ್ದರೆ ಫಾಂಟ್ ಬೇಡ, ಆದರೆ ಮುಂದಿನ ಮದುವೆಗೆ ಹೆಸರು ತಿದ್ದಲು ಬರುವುದಿಲ್ಲ.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ವಂತ ಸಂಖ್ಯೆಗಳು 1991ರಲ್ಲೇ ದೊರೆತಿದ್ದವು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಂದಿಗೆ ಅದನ್ನು ತೋರಿಸಲೂ ಬಲ್ಲದಾಗಿತ್ತು. ಆದರೂ ಹಳೆಯ ಪದ್ಧತಿ ಎರಡು ದಶಕ ಬಾಳಿತು. ಡಿಟಿಪಿಯವರ ನೆಚ್ಚಿನ ಪೇಜ್‌ಮೇಕರಿಗೆ ಯೂನಿಕೋಡ್ ಗೊತ್ತಿರಲಿಲ್ಲ, ಅದರ ಕೊನೆಯ ಆವೃತ್ತಿಯೇ 2001ರದು. ಹಳೆಯ ಕಡತವನ್ನು ಯೂನಿಕೋಡಿಗೆ ಪರಿವರ್ತಿಸುವ ಸಲಕರಣೆ ನುಡಿ, ಬರಹ ಎರಡರಲ್ಲೂ ಇದೆ. ಬರೀ ಪಠ್ಯವನ್ನು ಕೊಟ್ಟರೆ ಅದಕ್ಕೆ ಕಾಣುವುದು ಸಂಖ್ಯೆ ಮಾತ್ರ. ಪುಟದ ನಡುವೆ ನಿಜವಾಗಿಯೇ ಇಂಗ್ಲಿಷಿನಲ್ಲಿದ್ದ ಇಮೇಲ್ ವಿಳಾಸವನ್ನೂ ಅದು ಕನ್ನಡವೆಂದು ಬಗೆದು ಅರ್ಥವಿಲ್ಲದ ಅಕ್ಷರರಾಶಿ ಮಾಡಿಬಿಡುತ್ತದೆ. ತಿದ್ದಲು ಕಣ್ಣೇ ಬೇಕು. ಹೊಸ ಡಿಸ್ಕಿಗೆ ಹೋಗುವ ಹೊತ್ತು ಈ ಪರಿವರ್ತನೆಗೂ ಸರಿಯಾದ ಹೊತ್ತು. ಬಹುಪಾಲು ಜನ ಫಾಂಟ್ ಮತ್ತೆ ಹಾಕಿಸಿಕೊಂಡು ಮುಂದೆ ತಳ್ಳುತ್ತಾರೆ.

ಎಸ್‌ಎಸ್‌ಡಿ ಕಾಲ

ತಿರುಗುವ ತಟ್ಟೆಯ ಬದಲು ಫ್ಲ್ಯಾಶ್ ಚಿಪ್ ಇರುವ ಡಿಸ್ಕ್, ಅಂದರೆ ಎಸ್‌ಎಸ್‌ಡಿ, ಲ್ಯಾಪ್‌ಟಾಪ್‌ಗಳಲ್ಲಿ ಮಾರಾಟಕ್ಕೆ ಬಂದದ್ದು 2006ರ ಸುಮಾರಿಗೆ, ಸ್ಯಾಮ್‌ಸಂಗಿನ 32 ಜಿಬಿಯಿಂದ. 2019ರ ಹೊತ್ತಿಗೆ 240 ಜಿಬಿ ಎಸ್‌ಎಸ್‌ಡಿ ಮೂರು ಸಾವಿರ ರೂಪಾಯಿಯೊಳಗೆ ಸಿಗತೊಡಗಿದಾಗ ಸಣ್ಣ ಊರುಗಳಲ್ಲೂ ಬದಲಾವಣೆಗೆ ಚಾಲನೆ ಸಿಕ್ಕಿತು. ಕಂಪ್ಯೂಟರ್ ಬಿಡಿಭಾಗ ಕೊಳ್ಳಲು ರಾಯಚೂರಿನವರಿಗೆ ಬೆಂಗಳೂರಿನ ಎಸ್‌ಪಿ ರಸ್ತೆಗಿಂತ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಹತ್ತಿರ, ಅರ್ಧ ದೂರ.

ಇಲ್ಲಿನ ಹವೆಗೂ ಎಸ್‌ಎಸ್‌ಡಿ ಹೊಂದುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ತಿರುಗುವ ಡಿಸ್ಕ್ ತಾಳುವ ಮಿತಿ ಸಾಮಾನ್ಯವಾಗಿ 60. ಫ್ಯಾನಿಗೆ ಹತ್ತಿ, ಭತ್ತದ ಹೊಟ್ಟಿನ ಧೂಳು ಮೆತ್ತಿಕೊಂಡರೆ ನಡುವಿನ ಅಂತರ ಬೇಗ ಮುಗಿಯುತ್ತದೆ. ಬ್ಯಾಟರಿ ಸತ್ತು ಬರೀ ಚಾರ್ಜರಿನ ಮೇಲೆ ನಡೆಯುವ ಲ್ಯಾಪ್‌ಟಾಪಿನಲ್ಲಿ ಕರೆಂಟ್ ಹೋದಾಗಲೆಲ್ಲ ತಟ್ಟೆಯನ್ನು ಓದುವ ತಲೆ ತಟ್ಟನೆ ಹಿಂದೆ ಸರಿಯಬೇಕಾಗುತ್ತದೆ. ಶಕ್ತಿನಗರದ ಉಷ್ಣ ಸ್ಥಾವರ 1985ರಿಂದ ನಾಡಿಗೆಲ್ಲ ವಿದ್ಯುತ್ ಕೊಡುವ ಜಿಲ್ಲೆಯಿದು ಎಂಬುದು ಆ ಡಿಸ್ಕಿಗೆ ತಿಳಿಯದು.

ಡಿವಿಡಿ ಡ್ರೈವ್ ಕಿತ್ತು, ಅದರ ಜಾಗಕ್ಕೆ ಕ್ಯಾಡಿ ಎಂಬ ಚೌಕಟ್ಟಿನಲ್ಲಿ ಹಳೆಯ ಡಿಸ್ಕನ್ನೇ ಕೂರಿಸುವ ಉಪಾಯ ಆ ವರ್ಷಗಳ ಜಾಣತನ. ವಿಂಡೋಸ್ ಎಸ್‌ಎಸ್‌ಡಿಯಲ್ಲಿ, ಡಿ ಡ್ರೈವ್ ಹಳೆಯದರಲ್ಲಿ, ಏನನ್ನೂ ಸಾಗಿಸಬೇಕಿಲ್ಲ. ಕ್ಯಾಡಿ 9.5 ಮಿಮೀಯದೋ 12.7 ಮಿಮೀಯದೋ ಎಂದು ಅಳೆದು ತರಬೇಕಿತ್ತು, ಅಷ್ಟೇ. ಅಡ್ಡಿ ಇದ್ದದ್ದು ಕ್ಲೋನ್ ಮಾಡುವವರಿಗೆ: 500 ಜಿಬಿಯ ಹಳೆಯದನ್ನು 240 ಜಿಬಿಗೆ ಇಳಿಸಲು ಮೊದಲು ಪಾಲುಗಳನ್ನು ಕುಗ್ಗಿಸಬೇಕು. ಎಕ್ಸ್‌ಪಿ ಕಾಲದ ಪಾಲು 63ನೇ ಸೆಕ್ಟರಿನಿಂದ ಶುರುವಾಗುವುದರಿಂದ, ಹಾಗೇ ನಕಲಿಸಿದರೆ ಎಸ್‌ಎಸ್‌ಡಿಯ ಅಚ್ಚುಕಟ್ಟಿಗೆ ಹೊಂದದೆ ನಿಧಾನವಾಗುತ್ತದೆ.

ಟಿಕ್ ಟಿಕ್ ಎನ್ನುವ ಡಿಸ್ಕ್ ಬೇರೆಯೇ ಪ್ರಕರಣ. ಅದನ್ನು ವಿಂಡೋಸಿನಲ್ಲಿ ತೆರೆದು ಒಂದೊಂದೇ ಫೋಲ್ಡರ್ ಎಳೆಯುವುದು ಕೆಟ್ಟ ದಾರಿ. 2004ರಲ್ಲಿ ಬಂದ ಗ್ನು ಡಿಡಿರೆಸ್ಕ್ಯೂ ತಂತ್ರಾಂಶ ಮೊದಲು ಚೆನ್ನಾಗಿರುವ ಭಾಗವನ್ನೆಲ್ಲ ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಕೊನೆಗೆ ಮರಳುತ್ತದೆ; ಸಾಯುವ ಡಿಸ್ಕಿನ ಉಳಿದ ಆಯುಸ್ಸನ್ನು ಹೀಗೆ ಖರ್ಚು ಮಾಡುವುದೇ ಸರಿ.

ತೆಗೆದ ಡಿಸ್ಕ್, ಬೀಗ ಬಿದ್ದ ಡಿಸ್ಕ್

ಆನ್‌ಲೈನ್ ಸೆಂಟರಿನ ಲ್ಯಾಪ್‌ಟಾಪಿನಲ್ಲಿ ಗಿರಾಕಿಗಳ ಆಧಾರ್, ಬ್ಯಾಂಕ್ ಪಾಸ್‌ಬುಕ್, ಜಾತಿ ಪ್ರಮಾಣಪತ್ರಗಳ ಸ್ಕ್ಯಾನ್ ತುಂಬಿರುತ್ತವೆ. ಡಿಲೀಟ್ ಮಾಡಿದರೂ ತಿರುಗುವ ಡಿಸ್ಕಿನಲ್ಲಿ ಅಳಿಯುವುದು ಅನುಕ್ರಮಣಿಕೆ, ಕಡತವಲ್ಲ. ಗುಜರಿಗೆ ಹಾಕುವ ಮುಂಚೆ ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಸುವವರು ಕಡಿಮೆ.

ಇತ್ತೀಚೆಗೆ ತೊಡಕು ತಿರುಗಾಮುರುಗಾ ಆಗಿದೆ. ಅಗ್ಗದ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಇಎಂಎಂಸಿ ಎಂಬ ಸಂಗ್ರಹದ ಚಿಪ್ ಬೋರ್ಡಿಗೇ ಬೆಸೆದಿರುತ್ತದೆ, ತೆಗೆಯಲು ಡಿಸ್ಕೇ ಇಲ್ಲ. ವಿಂಡೋಸ್ 11ರ 2024ರ ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆದರೆ, ಯಾರೂ ಕೇಳದಿದ್ದರೂ ಡಿಸ್ಕ್ ಗೂಢಲಿಪಿಗೆ ತಿರುಗುತ್ತದೆ. ಅಂಥ ಡಿಸ್ಕ್ ತೆಗೆದು ಬೇರೆ ಯಂತ್ರಕ್ಕೆ ಜೋಡಿಸಿದರೆ 48 ಅಂಕಿಯ ಕೀ ಕೇಳುತ್ತದೆ. ಕೀ ಇರುವುದು ಆ ಖಾತೆಯಲ್ಲಿ. ಕೊಂಡ ದಿನ ಅಂಗಡಿಯವನೇ ತನ್ನ ಇಮೇಲಿನಿಂದ ಖಾತೆ ತೆರೆದುಕೊಟ್ಟಿದ್ದರೆ ಅವನನ್ನೇ ಹುಡುಕಿಕೊಂಡು ಹೋಗಬೇಕು.