ವಿಲೀನದ ಪಾಠದಲ್ಲಿ ಇಲ್ಲದ ಹಾಜಿ ಅಬ್ದುಲ್ಲಾ

ವಿಶ್ವವಿದ್ಯಾನಿಲಯದ ವಾಣಿಜ್ಯ ತರಗತಿಯಲ್ಲಿ ಕಂಪೆನಿಗಳ ವಿಲೀನವೆಂದರೆ ಹೆಚ್ಚಾಗಿ ಷೇರು ವಿನಿಮಯದ ಲೆಕ್ಕ. 2020ರ ಏಪ್ರಿಲ್ 1ರಂದು ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅದರ ಸಾವಿರ ಷೇರಿಗೆ ಯೂನಿಯನ್ ಬ್ಯಾಂಕಿನ 330 ಷೇರು ಸಿಕ್ಕಿತು. ಪಾಠ ಅಲ್ಲಿಗೆ ಮುಗಿಯುತ್ತದೆ.

ಈ ಬ್ಯಾಂಕನ್ನು 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಊರ ಗಣ್ಯರನ್ನು ಕೂಡಿಕೊಂಡು ಐದು ಸಾವಿರ ರೂಪಾಯಿ ಬಂಡವಾಳದಲ್ಲಿ ಸ್ಥಾಪಿಸಿದ್ದರು. ಮೊದಲ ದಿನದ ಕೊನೆಗೆ ಬ್ಯಾಂಕಿನಲ್ಲಿದ್ದುದು 38 ರೂಪಾಯಿ 13 ಆಣೆ 2 ಪೈ. ಬಡ್ಡಿಯ ಕುರಿತ ನಮ್ಮ ಜಿಜ್ಞಾಸೆ ಬೇರೆಯೇ ಇರಲಿ. ಅಷ್ಟಮಠಗಳ ಊರಿನಲ್ಲಿ ಜನರು ಮುಸ್ಲಿಂ ವರ್ತಕರೊಬ್ಬರು ಅಧ್ಯಕ್ಷರಾಗಿದ್ದ ಬ್ಯಾಂಕನ್ನು ನಂಬಿ ಹಣವಿಟ್ಟರು. ಆ ನಂಬಿಕೆಯ ವಿನಿಮಯ ದರ ಎಷ್ಟೆಂದು ಯಾವ ವಿದ್ಯಾರ್ಥಿಯಾದರೂ ಕೇಳಿದರೆ ಅಧ್ಯಾಪಕರು ಏನು ಹೇಳಿಯಾರು?

ಅದೇ ದಿನ, ಉಡುಪಿಯಲ್ಲೇ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕೂ ಕೆನರಾ ಬ್ಯಾಂಕಿನಲ್ಲಿ ಕರಗಿತು.