ತಡವಾಗಿ ಏಳುವ ಯಂತ್ರ

ಹಳೆಯ ಗಣಕಯಂತ್ರದ ಗುಂಡಿಯನ್ನೊತ್ತಿ ಕಾಫಿ ಕುಡಿದು ಬಂದರೂ ಪರದೆ ಸಿದ್ಧವಾಗಿಲ್ಲವೆಂದು ತಾವು ಬೇಸತ್ತಿರಬಹುದು. ಅದನ್ನು ಗುಜರಿಗೆ ಹಾಕುವ ಮುನ್ನ ಅದರ ಪೂರ್ವಕಥೆಯನ್ನು ತುಸು ಕೇಳಿರಿ.

1975ರ ಆಲ್ಟೇರ್ 8800 ಯಂತ್ರಕ್ಕೆ ಮೊದಮೊದಲು ತಾನಾಗಿ ಎಚ್ಚರವೇ ಆಗುತ್ತಿರಲಿಲ್ಲ. ಒಡೆಯನು ಮುಂಭಾಗದ ಸ್ವಿಚ್ಚುಗಳನ್ನು ಮೇಲಕ್ಕೂ ಕೆಳಕ್ಕೂ ತಳ್ಳಿ ಮೊದಲ ಆದೇಶಗಳನ್ನು ಒಂದೊಂದಾಗಿ ಉಣಿಸಬೇಕಾಗಿತ್ತು. 1981ರ ಐಬಿಎಂ ಪಿಸಿಯು ಆ ಆದೇಶಗಳನ್ನು ಅಳಿಯದ ಸ್ಮೃತಿಯಲ್ಲಿ ಹೊತ್ತೇ ಬಂದಿತು. ಆದರೆ ಏಳುವ ಮುನ್ನ ಉಳಿದ ಸ್ಮೃತಿಯನ್ನೆಲ್ಲ ಪರೀಕ್ಷಿಸಿಕೊಳ್ಳುತ್ತಿತ್ತು. ಸ್ಮೃತಿ ಹೆಚ್ಚಿಸಿದಷ್ಟೂ ವಿಳಂಬ. ಹಣ ತೆತ್ತವನಿಗೇ ಕಾಯುವ ಶಿಕ್ಷೆ!

1983ರ ಪಿಸಿ ಎಕ್ಸ್‌ಟಿಯಲ್ಲಿ 10 ಮೆಗಾಬೈಟಿನ ಹಾರ್ಡ್ ಡಿಸ್ಕು ಬಂದಿತು. ಇಂದಿನ ಹಳೆಯ ಯಂತ್ರಗಳ ಜಡತೆಯ ಮೂಲ ಬಹುಮಟ್ಟಿಗೆ ಇಲ್ಲಿದೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ತಟ್ಟೆಯ ಮೇಲೆ ಗ್ರಾಮಫೋನಿನ ಮುಳ್ಳಿನಂಥ ಹೆಡ್ಡು ಅತ್ತಿತ್ತ ಓಡಾಡಬೇಕು. ಪ್ರತಿ ಓಟಕ್ಕೂ ಕೆಲವು ಮಿಲಿಸೆಕೆಂಡು. ಸಾವಿರಾರು ಕಡತಗಳಿಗೆ ಲೆಕ್ಕ ಹಾಕಿ ನೋಡಿರಿ. ಸಾಲದುದಕ್ಕೆ, ಕರೆಯದೆ ಬಂದ ತಂತ್ರಾಂಶಗಳೂ ಆರಂಭದಲ್ಲೇ ಪಂಕ್ತಿಗೆ ಕುಳಿತುಬಿಡುತ್ತವೆ.

ನಮ್ಮ ಶಾಲೆಯ ಯಂತ್ರವೊಂದನ್ನು ಹರಾಜಿನ ಪಟ್ಟಿಗೆ ಬರೆದಿದ್ದರು. ಮಕ್ಕಳಿಗೆ ಇದ್ದುದೇ ಅದೊಂದು. ಮೊದಲು ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡದವನ್ನು ನಿಲ್ಲಿಸಿದೆವು, ತುಸು ಚೇತರಿಸಿಕೊಂಡಿತು. ಬಳಿಕ ಕಡತಗಳ ನಕಲು ತೆಗೆದಿಟ್ಟು, ಡಿಸ್ಕಿನ ಬದಲು ಚಲಿಸುವ ಭಾಗವೇ ಇಲ್ಲದ ಎಸ್‌ಎಸ್‌ಡಿಯನ್ನು ಜೋಡಿಸಿದೆವು. ಈಗ ನಾನು ಹಾಜರಿ ಕೂಗಿ ಮುಗಿಸುವುದರೊಳಗೆ ಯಂತ್ರ ಎದ್ದಿರುತ್ತದೆ.