ಸೊಂಟದ ಕೀಲಿನ ಕೋನಮಾಪನ: ಒಂದು ಚಾರಿತ್ರಿಕ ಅವಲೋಕನ

ತೊಡೆಯೆಲುಬಿನ ಗುಂಡಾದ ತಲೆಯು ಕೂರುವ ಸೊಂಟದ ಕುಳಿಗೆ ಅಂಗರಚನಾಶಾಸ್ತ್ರದಲ್ಲಿ ‘ಅಸಿಟ್ಯಾಬುಲಮ್’ ಎಂಬ ಹೆಸರಿದೆ. ರೋಮನ್ನರು ವಿನೆಗರ್ ಇಡುತ್ತಿದ್ದ ಪುಟ್ಟ ಬಟ್ಟಲಿನಿಂದ ಈ ಹೆಸರು ಬಂದಿತು. ಈ ಬಟ್ಟಲು ತಕ್ಕಷ್ಟು ಆಳವಾಗಿ ಬೆಳೆಯದೆ, ತಲೆಯನ್ನು ಪೂರ್ಣವಾಗಿ ಆವರಿಸದಿರುವ ಸ್ಥಿತಿಯೇ ಡಿಸ್‌ಪ್ಲೇಸಿಯಾ. ಆಗ ದೇಹದ ಭಾರವು ಕುಳಿಯ ಕಿರಿದಾದ ಅಂಚಿನ ಮೇಲೆ ಬಿದ್ದು, ಮೃದ್ವಸ್ಥಿಯು ಅಕಾಲದಲ್ಲಿ ಸವೆಯುತ್ತದೆ.

1895ರಲ್ಲಿ ರಾಂಟ್ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದ ಬಳಿಕ ಜೀವಂತ ದೇಹದ ಕೀಲನ್ನು ನೋಡುವುದು ಸಾಧ್ಯವಾಯಿತು. ಆದರೆ ನೋಡುವುದು ಬೇರೆ, ಅಳೆಯುವುದು ಬೇರೆ. 1925ರಲ್ಲಿ ಪ್ರಾಗ್‌ನ ಹಿಲ್ಗನ್‌ರೈನರ್ ಶಿಶುಗಳ ಸೊಂಟಕ್ಕೆ ಅಳತೆಯ ರೇಖೆಗಳನ್ನು ರೂಪಿಸಿದನು. ಅವನ ಅಡ್ಡರೇಖೆಯು ಶ್ರೋಣಿಯ ಮೂರು ಎಲುಬುಗಳು ಸೇರುವೆಡೆಯ ಮೃದ್ವಸ್ಥಿಯನ್ನು ಆಧರಿಸಿತ್ತು. ಪ್ರಾಯಕ್ಕೆ ಬಂದಾಗ ಆ ಮೃದ್ವಸ್ಥಿ ಎಲುಬಾಗಿ ಕೂಡಿಕೊಳ್ಳುವುದರಿಂದ, ವಯಸ್ಕರಿಗೆ ಬೇರೊಂದು ಮಾನದಂಡ ಅಗತ್ಯವಾಗಿತ್ತು.

ಈ ಕೊರತೆಯನ್ನು ನೀಗಿಸಿದವನು ಸ್ವೀಡನ್ನಿನ ಗುನ್ನಾರ್ ವಿಬರ್ಗ್. 1939ರ ತನ್ನ ಪ್ರಬಂಧದಲ್ಲಿ ಅವನು ತೊಡೆಯೆಲುಬಿನ ತಲೆಯ ಕೇಂದ್ರದಿಂದ ಒಂದು ಲಂಬರೇಖೆಯನ್ನೂ ಕುಳಿಯ ಹೊರ ಅಂಚಿಗೆ ಇನ್ನೊಂದು ರೇಖೆಯನ್ನೂ ಎಳೆದನು. ಇವುಗಳ ನಡುವಿನ ಕೋನವೇ ‘ಕೇಂದ್ರ-ಅಂಚು ಕೋನ’. ಅದು 25 ಡಿಗ್ರಿಗಿಂತ ಹೆಚ್ಚಿದ್ದರೆ ಸಹಜ, 20ಕ್ಕಿಂತ ಕಡಿಮೆಯಿದ್ದರೆ ಡಿಸ್‌ಪ್ಲೇಸಿಯಾ; ನಡುವಣದ್ದು ಸಂದಿಗ್ಧ ವಲಯ. ಕುಳಿಯ ಆಕಾರದೋಷಕ್ಕೂ ಮುಂದೆ ಬರುವ ಕೀಲುಸವೆತಕ್ಕೂ ಸಂಬಂಧವನ್ನು ಸ್ಥಾಪಿಸಿದ್ದು ಈ ಪ್ರಬಂಧದ ಹಿರಿಮೆ. ವಯೋಸಹಜವೆಂದು ತಿಳಿಯಲಾಗಿದ್ದ ಸವೆತದ ಕಾರಣವನ್ನು ಎಲುಬಿನ ಬೆಳವಣಿಗೆಯಲ್ಲಿಯೇ ಹುಡುಕುವ ದಾರಿ ಇದರಿಂದ ತೆರೆಯಿತು. ಕಾರಣ ತಿಳಿಯದೆಂದು ಭಾವಿಸಲಾಗಿದ್ದ ಸೊಂಟದ ಸವೆತದ ಬಹುಪಾಲು ಪ್ರಕರಣಗಳಲ್ಲಿ ಬೆಳವಣಿಗೆಯ ದೋಷವೇ ಇದೆಯೆಂದು ಅಮೆರಿಕದ ವಿಲಿಯಂ ಹ್ಯಾರಿಸ್ 1986ರಲ್ಲಿ ವಾದಿಸಿದನು.

ಆದರೆ ಬಟ್ಟಲಿಗೆ ಮೂರು ಆಯಾಮಗಳುಂಟು, ಚಿತ್ರಕ್ಕೆ ಎರಡೇ. ವಿಬರ್ಗ್‌ನ ಕೋನವು ಪಾರ್ಶ್ವದ ಆವರಣವನ್ನು ಮಾತ್ರ ತಿಳಿಸುತ್ತಿತ್ತು. 1961ರಲ್ಲಿ ಫ್ರಾನ್ಸಿನ ಲೆಕೇನ್ ಮತ್ತು ದ ಸೇಜ್ ರೋಗಿಯನ್ನು ಓರೆಯಾಗಿ ನಿಲ್ಲಿಸಿ ಮುಂಭಾಗದ ಆವರಣವನ್ನು ಅಳೆದರು. ಜರ್ಮನಿಯ ಟೋನಿಸ್‌ನ ಹೆಸರಿನ ಕೋನವು ಭಾರ ಹೊರುವ ಛಾವಣಿಯ ಇಳಿಜಾರನ್ನು ಸೂಚಿಸುತ್ತದೆ. ಅದು 10 ಡಿಗ್ರಿ ಮೀರಿದರೆ ದೋಷದ ಲಕ್ಷಣ. ಕುಳಿಯು ಹಿಮ್ಮುಖವಾಗಿ ತಿರುಗಿರುವ ಸ್ಥಿತಿಯನ್ನು ಮುಂಬದಿ-ಹಿಂಬದಿ ಅಂಚುಗಳ ಛೇದನದಿಂದ ಗುರುತಿಸಬಹುದೆಂದು 1999ರಲ್ಲಿ ರೆನಾಲ್ಡ್ಸ್ ಮತ್ತು ಸಂಗಡಿಗರು ತೋರಿಸಿದರು.

ಈ ಅಳತೆಗಳಿಗೆ ಚಿಕಿತ್ಸೆಯಲ್ಲಿ ಹೊಸ ಬೆಲೆ ಬಂದದ್ದು ಸ್ವಿಟ್ಸರ್ಲೆಂಡಿನ ಬರ್ನ್ ನಗರದಲ್ಲಿ. ಅಲ್ಲಿ ಗಾಂಟ್ಸ್ ಮತ್ತು ಸಂಗಡಿಗರು 1984ರಿಂದ ಕುಳಿಯ ಸುತ್ತಣ ಎಲುಬನ್ನು ಕತ್ತರಿಸಿ, ಕುಳಿಯನ್ನೇ ತಿರುಗಿಸಿ ಕೂರಿಸುವ ಶಸ್ತ್ರಕ್ರಿಯೆಯನ್ನು ನಡೆಸಿ, 1988ರಲ್ಲಿ ಪ್ರಕಟಿಸಿದರು. ಮೃದ್ವಸ್ಥಿ ಹಾಳಾಗುವ ಮುನ್ನ ಮಾಡಿದರೆ ಮಾತ್ರ ಇದು ಹೆಚ್ಚು ಫಲಕಾರಿ. ಆದ್ದರಿಂದ ಯುವ ವಯಸ್ಕರ ತೊಡೆಸಂದಿಯ ನೋವಿನಲ್ಲಿ ಕೋನವನ್ನು ಅಳೆಯದೆ ಬಿಡುವುದೆಂದರೆ, ಸ್ವಂತ ಕೀಲನ್ನು ಉಳಿಸಿಕೊಳ್ಳುವ ಅವಕಾಶವನ್ನೇ ಕಳೆಯುವುದಾಗಬಹುದು.

ಶ್ರೋಣಿಯ ವಾಲುವಿಕೆ ಬದಲಾದರೆ ಚಿತ್ರದಲ್ಲಿನ ಅಂಚುಗಳೂ ಬದಲಾಗಿ ಕಾಣುತ್ತವೆ. ಅಂಚಿನ ಬಿಂದುವನ್ನು ಗುರುತಿಸುವುದರಲ್ಲಿ ಪರೀಕ್ಷಕರ ನಡುವೆ ಭಿನ್ನತೆಯುಂಟು. ಹಾಗಾಗಿ ಯಾವುದೇ ಒಂದು ಕೋನವು ರೋಗನಿರ್ಣಯದ ಕೊನೆಯ ಮಾತಲ್ಲ. ವಿಬರ್ಗ್‌ನ ನಂತರದ ಚರಿತ್ರೆಯು ಅವನ ರೇಖೆಯನ್ನು ಅಳಿಸಲಿಲ್ಲ. ಅದು ಕಾಣಿಸದ ದಿಕ್ಕುಗಳಿಗೆ ಬೇರೆ ರೇಖೆಗಳನ್ನು ಸೇರಿಸಿತು.